ಬಹುಮಾನ ಕರೆತರುತ್ತದೆ, ಉಳಿಸಿಕೊಳ್ಳುವವರು ಯಾರು?

ಗಣೇಶನ ಹಬ್ಬ ಹತ್ತಿರ ಬಂದರೆ ಮೊಬೈಲುಗಳಲ್ಲಿ ಇನ್ನೊಂದು ಹಬ್ಬ ಶುರುವಾಗುತ್ತದೆ. ಸೀರೆ ಅಂಗಡಿ, ಚಿನ್ನದಂಗಡಿ, ಅಪಾರ್ಟ್‌ಮೆಂಟ್ ಸಂಘ, ಊರಿನ ಹೆಸರು ಹೊತ್ತ ಫೇಸ್‌ಬುಕ್ ಪುಟ, ಎಲ್ಲರೂ 'ನಮ್ಮನೆ ಗಣಪ' ಫೋಟೊ ಸ್ಪರ್ಧೆ ಇಡುತ್ತಾರೆ. ಪುಟವನ್ನು ಫಾಲೋ ಮಾಡಿ, ಫೋಟೊ ಹಾಕಿ, ಮೂವರನ್ನು ಟ್ಯಾಗ್ ಮಾಡಿ, ಹೆಚ್ಚು ಲೈಕ್ ಬಂದವರಿಗೆ ಬೆಳ್ಳಿಯ ದೀಪ. ಶಿವಮೊಗ್ಗದ ಅತ್ತಿಗೆ ಬಾಳೆಕಂದು ಕಟ್ಟಿದ ಮಂಟಪದ ಫೋಟೊ ಹಾಕಿ ಲಿಂಕನ್ನು ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸುತ್ತಾರೆ: "ಎಲ್ಲರೂ ಒಂದು ಲೈಕ್ ಒತ್ರಪ್ಪ, ನಾಳೆ ಕೊನೇ ದಿನ." ಬೆಂಗಳೂರಿನ ಭಾವ ಒತ್ತುತ್ತಾರೆ, ದುಬೈಯಲ್ಲಿರುವ ಸೋದರಳಿಯ ಒತ್ತುತ್ತಾನೆ, ಅವನ ಜೊತೆ ಕೆಲಸ ಮಾಡುವ ಮಲಯಾಳಿ ಗೆಳೆಯನೂ ಒತ್ತುತ್ತಾನೆ. ಗಣಪತಿ ಬಿಡುವ ಹೊತ್ತಿಗೆ ಪುಟವನ್ನು ಹಿಂಬಾಲಿಸುವವರ ಸಂಖ್ಯೆ ಎರಡು ಪಟ್ಟಾಗಿರುತ್ತದೆ. ಫಲಿತಾಂಶ ಬಂದ ಮರುವಾರದಿಂದ ಅವರಲ್ಲಿ ಹೆಚ್ಚಿನವರು ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ.

ಹೀಗಾಗುತ್ತದೆ ಎಂದು ಗೊತ್ತಿದ್ದೂ ಸ್ಪರ್ಧೆಗಳು ನಿಂತಿಲ್ಲ. ನಿಲ್ಲಬೇಕಾಗಿಯೂ ಇಲ್ಲ. ಅಂತರ್ಜಾಲದಲ್ಲಿ ಜನರನ್ನು ಒಂದೆಡೆ ಸೇರಿಸಲು ಇಷ್ಟು ಅಗ್ಗದ, ಇಷ್ಟು ಬೇಗ ಫಲ ಕೊಡುವ ದಾರಿ ಬೇರೊಂದಿಲ್ಲ. ಕಷ್ಟವಿರುವುದು ಬಂದವರನ್ನು ಇರಿಸಿಕೊಳ್ಳುವುದರಲ್ಲಿ. ಕೆಲವು ಸ್ಪರ್ಧೆಗಳು ಹತ್ತು ವರ್ಷವಾದರೂ ಕೆಲಸ ಮಾಡುವ ಬಳಗಗಳನ್ನು ಕಟ್ಟಿವೆ, ಕೆಲವು ಲ್ಯಾಪ್‌ಟಾಪ್ ಹಂಚಿಯೂ ಬರಿಗೈಯಲ್ಲಿ ಉಳಿದಿವೆ. ಅದರ ಕಾರಣ ತಿಳಿದುಕೊಳ್ಳುವುದು ಕನ್ನಡಿಗರಿಗೆ ವಿಶೇಷವಾಗಿ ಅಗತ್ಯ. ಕನ್ನಡದಲ್ಲಿ ಬರೆಯುವ, ತಿದ್ದುವ, ಚಿತ್ರ ಸೇರಿಸುವ ಕೈಗಳು ನಮಗೆ ಇನ್ನೂ ಬಹಳ ಬೇಕಾಗಿವೆ.

ಪತ್ರಿಕೆಗಳಿಗೆ ಗೊತ್ತಿದ್ದ ಗುಟ್ಟು

ಮೊಬೈಲು ಬರುವುದಕ್ಕೆ ಎಷ್ಟೋ ಮೊದಲೇ ಪತ್ರಿಕೆಗಳು ಈ ಕೆಲಸ ಮಾಡಿದ್ದವು. 'ಚಂದಮಾಮ'ದಲ್ಲಿ ಪ್ರತಿ ತಿಂಗಳು ಎರಡು ಫೋಟೊ ಕೊಟ್ಟು, ಅವೆರಡಕ್ಕೂ ಹೊಂದುವಂಥ ಶೀರ್ಷಿಕೆ ಬರೆದು ಕಳಿಸಿ ಎನ್ನುತ್ತಿದ್ದರು. ಬಹುಮಾನದ ಹಣ ಚಿಕ್ಕದು. ಆದರೆ ಕಾರ್ಡಿನಲ್ಲಿ ಎರಡು ಸಾಲು ಬರೆದು ಅಂಚೆಗೆ ಹಾಕಿದ ಹುಡುಗ ಮುಂದಿನ ಸಂಚಿಕೆಗೆ ಕಾದು ಕೂರುತ್ತಿದ್ದ. ಓದುಗ ಎನಿಸಿದ್ದವನು ಪತ್ರಿಕೆಯ ಮನೆಯವನಾಗುತ್ತಿದ್ದ.

'ಪ್ರಜಾವಾಣಿ' ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆ ಇದಕ್ಕಿಂತ ದೊಡ್ಡ ಕೆಲಸ ಮಾಡಿತು. ಕನ್ನಡದ ಎಷ್ಟೋ ಕಥೆಗಾರರ ಹೆಸರನ್ನು ನಾಡು ಮೊದಲು ಓದಿದ್ದು ಅಲ್ಲಿ. ಅಲ್ಲಿ ತೀರ್ಪು ಕೊಡುತ್ತಿದ್ದವರು ಹೆಸರಾಂತ ಬರಹಗಾರರು. ಅವರು ಕಥೆಗಳ ಬಗ್ಗೆ ತಮ್ಮ ಅಭಿಪ್ರಾಯವನ್ನೂ ಬರೆಯುತ್ತಿದ್ದರು. ಬಹುಮಾನ ಬಾರದವನಿಗೂ ತನ್ನ ಕಥೆಯನ್ನು ಬಲ್ಲವರೊಬ್ಬರು ಓದಿದ್ದಾರೆ ಎಂಬ ಭರವಸೆ ಇರುತ್ತಿತ್ತು. ಮುಂದಿನ ವರ್ಷ ಅವನು ಮತ್ತೆ ಬರೆಯುತ್ತಿದ್ದುದು ಆ ಭರವಸೆಯಿಂದ. ಈ ಲೇಖನದಲ್ಲಿ ಮುಂದೆ ಬರುವ ಉದಾಹರಣೆಗಳಿಗೆಲ್ಲ ಇದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬಹುದು: ಸೋತವನಿಗೆ ಮರಳಿ ಬರಲು ಏನು ಕಾರಣ ಉಳಿದಿದೆ?

ಲೈಕುಗಳ ಲೆಕ್ಕ

'ಹೆಚ್ಚು ಲೈಕ್ ಬಂದವರಿಗೆ ಬಹುಮಾನ' ಎಂಬ ಬಗೆಯ ಸ್ಪರ್ಧೆ ಈ ಅಳತೆಯಲ್ಲಿ ಮೊದಲೇ ಬಿದ್ದುಹೋಗುತ್ತದೆ. ಅಲ್ಲಿ ಗೆಲ್ಲುವುದು ಚೆಂದದ ಮಂಟಪ ಕಟ್ಟಿದವರಲ್ಲ, ದೊಡ್ಡ ವಾಟ್ಸ್‌ಆ್ಯಪ್ ಗುಂಪು ಇದ್ದವರು. ಲೈಕುಗಳನ್ನು ದುಡ್ಡಿಗೆ ಮಾರುವವರೂ ಇದ್ದಾರೆ. ಸೋತವರಿಗೆ ಮೋಸವಾಯಿತೆಂಬ ಕಹಿ ಉಳಿಯುತ್ತದೆ, ಗೆದ್ದವರಿಗೆ ಆ ಪುಟದಲ್ಲಿ ಮುಂದೆ ಮಾಡುವಂಥದ್ದೇನೂ ಇರುವುದಿಲ್ಲ.

ಫೇಸ್‌ಬುಕ್ಕಿಗೂ ಇದು ಬೇಡವಾಗಿತ್ತು. ಸ್ಪರ್ಧೆಗೆ ಸೇರಬೇಕಾದರೆ ಮೊದಲು ನಮ್ಮ ಪುಟಕ್ಕೆ ಲೈಕ್ ಒತ್ತಿ ಎಂದು ಆ್ಯಪ್‌ಗಳ ಮೂಲಕ ಕಟ್ಟುಪಾಡು ಹಾಕುವುದನ್ನು ಅದು 2014ರ ನವೆಂಬರಿನಿಂದ ನಿಲ್ಲಿಸಿತು. 'ನಿಮ್ಮ ಗೋಡೆಯ ಮೇಲೆ ಹಂಚಿಕೊಂಡರೆ ಮಾತ್ರ ಪ್ರವೇಶ', 'ಗೆಳೆಯರನ್ನು ಟ್ಯಾಗ್ ಮಾಡಿದರೆ ಮಾತ್ರ ಪ್ರವೇಶ' ಎಂಬ ಷರತ್ತುಗಳೂ ಅದರ ನಿಯಮಕ್ಕೆ ವಿರುದ್ಧ. ನಮ್ಮ ಕಣ್ಣಿಗೆ ದಿನವೂ ಬೀಳುವ ಎಷ್ಟೋ ಸ್ಪರ್ಧೆಗಳು ನಡೆಯುತ್ತಿರುವುದು ಈ ನಿಯಮ ಮೀರಿಯೇ. ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಉಡುಗೊರೆ ಬಹುಮಾನಗಳ ಆಸೆ ತೋರಿಸಿ ಯೋಜನೆ ನಡೆಸಿದ ವ್ಯಾಪಾರಿ ಅದರ ಅಂತಿಮ ಫಲಿತಾಂಶವನ್ನು ಪಾಲ್ಗೊಂಡವರಿಗೆ ತಿಳಿಸದೆ ಮುಚ್ಚಿಟ್ಟರೆ ಅದು ಅನುಚಿತ ವ್ಯಾಪಾರ ಪದ್ಧತಿ. 'ವಿಜೇತರನ್ನು ಸಂಪರ್ಕಿಸಲಾಗುವುದು' ಎಂದು ಹೇಳಿ ಮೌನವಾಗಿಬಿಡುವ ಅಂಗಡಿಗಳನ್ನು ಗ್ರಾಹಕರು ಕೇಳಬಹುದು, ಕೇಳಬೇಕು.

ಸಂಖ್ಯೆ ಏರಿದರೂ ಪುಟ ಯಾಕೆ ಸಪ್ಪೆ ಎನಿಸುತ್ತದೆ ಎಂಬುದಕ್ಕೆ ಒಂದು ಹಳೆಯ ಅಂದಾಜಿದೆ. ವೆಬ್ ಬಳಕೆಯ ಬಗ್ಗೆ ಬರೆಯುವ ಜೇಕಬ್ ನೀಲ್ಸನ್ 2006ರಲ್ಲಿ ಅದನ್ನು ವಿವರಿಸಿದರು. ಅಂತರ್ಜಾಲದ ಯಾವುದೇ ಬಳಗದಲ್ಲಿ ಸುಮಾರು ನೂರರಲ್ಲಿ ತೊಂಬತ್ತು ಜನ ಬರೀ ನೋಡುತ್ತಾರೆ, ಒಂಬತ್ತು ಜನ ಆಗೊಮ್ಮೆ ಈಗೊಮ್ಮೆ ಕೈ ಹಾಕುತ್ತಾರೆ, ಒಬ್ಬರು ಹೆಚ್ಚಿನ ಕೆಲಸವನ್ನೆಲ್ಲ ಮಾಡುತ್ತಾರೆ. ಇದು ಕರಾರುವಾಕ್ಕಾದ ನಿಯಮವಲ್ಲ. ಆದರೂ ಬಳಗ ನಡೆಸಿದ ಯಾರನ್ನು ಕೇಳಿದರೂ ಹೌದೆನ್ನುತ್ತಾರೆ. ಲೈಕಿನ ಸ್ಪರ್ಧೆ ಆ ತೊಂಬತ್ತನ್ನು ಒಂಬೈನೂರು ಮಾಡುತ್ತದೆ. ಕೆಲಸ ಮಾಡುವ ಆ ಒಬ್ಬರಿಗೆ ಜೊತೆ ಕೊಡುವುದಿಲ್ಲ.

ಸ್ಪರ್ಧೆಯೇ ಅಂಗಡಿಯಾದಾಗ

ಷಿಕಾಗೋ ನಗರದ ಇಬ್ಬರು ತರುಣರು, ಜೇಕ್ ನಿಕೆಲ್ ಮತ್ತು ಜೇಕಬ್ ಡಿಹಾರ್ಟ್, 2000ದಲ್ಲಿ ಟೀ ಶರ್ಟ್ ವ್ಯಾಪಾರ ಶುರುಮಾಡಿದರು. ಹೆಸರು ಥ್ರೆಡ್‌ಲೆಸ್. ಶರ್ಟಿನ ಮೇಲಿನ ಚಿತ್ರವನ್ನು ಅವರು ಬರೆಯಲಿಲ್ಲ, ಚಿತ್ರಕಾರರನ್ನು ಕೆಲಸಕ್ಕೂ ಇಟ್ಟುಕೊಳ್ಳಲಿಲ್ಲ. ಯಾರು ಬೇಕಾದರೂ ವಿನ್ಯಾಸ ಕಳಿಸಬಹುದು, ನೋಡುವವರು ಅದಕ್ಕೆ ಸೊನ್ನೆಯಿಂದ ಐದರವರೆಗೆ ಅಂಕ ಕೊಡಬಹುದು, ಮುಂದೆ ಬಂದವುಗಳಲ್ಲಿ ಕೆಲವನ್ನು ಆಯ್ದು ಅಚ್ಚು ಹಾಕಿ ಮಾರುತ್ತೇವೆ ಎಂದರು. ಮೊದಮೊದಲು ಗೆದ್ದವರಿಗೆ ಸಿಗುತ್ತಿದ್ದುದು ಕೆಲವು ಶರ್ಟುಗಳಷ್ಟೇ. ಹಣದ ಬಹುಮಾನ ಆಮೇಲೆ ಬಂತು.

ಈ ಏರ್ಪಾಡಿನಲ್ಲಿ ಸ್ಪರ್ಧೆ ಮುಗಿಯುವ ದಿನವೇ ಇರಲಿಲ್ಲ. ಒಂದು ವಾರದ ಸುತ್ತು ಮುಗಿಯುವಷ್ಟರಲ್ಲಿ ಇನ್ನೊಂದು ನಡೆಯುತ್ತಿರುತ್ತಿತ್ತು. ಸೋತ ಚಿತ್ರಕಾರನಿಗೆ ಅಂಕ ಸಿಕ್ಕಿರುತ್ತಿತ್ತು, ಟೀಕೆ ಸಿಕ್ಕಿರುತ್ತಿತ್ತು, ಬೇರೆಯವರ ಚಿತ್ರಕ್ಕೆ ತಾನೇ ಅಂಕ ಕೊಡುವ ಅಧಿಕಾರವೂ ಇರುತ್ತಿತ್ತು. ನೋಡಲು ಬಂದವನು ತೀರ್ಪುಗಾರನಾಗುತ್ತಿದ್ದ, ಕೊಳ್ಳುವವನೂ ಆಗುತ್ತಿದ್ದ. ಜನರ ಅಂಕವೊಂದನ್ನೇ ನಂಬದೆ ಕೊನೆಯ ಆಯ್ಕೆಯನ್ನು ಸಂಸ್ಥೆ ತನ್ನ ಕೈಯಲ್ಲಿಟ್ಟುಕೊಂಡಿದ್ದರಿಂದ ಗೆಳೆಯರ ದಂಡು ಕಟ್ಟಿ ಗೆಲ್ಲುವುದೂ ಸುಲಭವಿರಲಿಲ್ಲ. ಸ್ಪರ್ಧೆಯಲ್ಲಿ ಮಾಡುವ ಕೆಲಸವೂ ಬಳಗದ ದಿನನಿತ್ಯದ ಕೆಲಸವೂ ಒಂದೇ ಆಗಿದ್ದುದು ಅದರ ಬಲ.

ಸೆಪ್ಟೆಂಬರ್ ತಿಂಗಳ ಕ್ಯಾಮೆರಾಗಳು

ವ್ಯಾಪಾರ ಬಿಟ್ಟು ಜ್ಞಾನದ ಕಡೆಗೆ ಬಂದರೆ, ಸ್ಪರ್ಧೆಯನ್ನು ಬಹಳವಾಗಿ ಬಳಸಿದ ಬಳಗಗಳಲ್ಲಿ ವಿಕಿಪೀಡಿಯದ್ದು ಒಂದು. ಅಲ್ಲಿ ಬರೆಯುವವರಿಗೆ ಸಂಬಳವಿಲ್ಲ. ಹೊಸಬರನ್ನು ಕರೆತರಲು ಜಾಹೀರಾತಿನ ಹಣವೂ ಇಲ್ಲ.

2010ರ ಸೆಪ್ಟೆಂಬರಿನಲ್ಲಿ ನೆದರ್‌ಲೆಂಡ್ಸ್‌ನ ವಿಕಿಪೀಡಿಯ ಸ್ವಯಂಸೇವಕರು 'ವಿಕಿ ಲವ್ಸ್ ಮಾನ್ಯುಮೆಂಟ್ಸ್' ಎಂಬ ಫೋಟೊ ಸ್ಪರ್ಧೆ ನಡೆಸಿದರು. ತಮ್ಮ ದೇಶದ ಸಂರಕ್ಷಿತ ಕಟ್ಟಡಗಳ ಚಿತ್ರ ತೆಗೆದು, ಯಾರು ಬೇಕಾದರೂ ಬಳಸಬಹುದಾದ ಮುಕ್ತ ಪರವಾನಗಿಯಲ್ಲಿ ವಿಕಿಮೀಡಿಯ ಕಾಮನ್ಸ್ ಎಂಬ ಚಿತ್ರಭಂಡಾರಕ್ಕೆ ಸೇರಿಸಬೇಕು. ಹನ್ನೆರಡು ಸಾವಿರಕ್ಕೂ ಹೆಚ್ಚು ಚಿತ್ರ ಬಂದವು. ಮರುವರ್ಷ ಯುರೋಪಿನ 18 ದೇಶಗಳು ಸೇರಿಕೊಂಡವು. ಆಗ ಬಂದ 1,68,208 ಚಿತ್ರಗಳಿಂದಾಗಿ ಅದು ಜಗತ್ತಿನ ಅತಿ ದೊಡ್ಡ ಛಾಯಾಗ್ರಹಣ ಸ್ಪರ್ಧೆಯೆಂದು ಗಿನ್ನೆಸ್ ದಾಖಲೆಗೆ ಹೋಯಿತು. 2012ರಲ್ಲಿ ಭಾರತವೂ ಸೇರಿತು. ಆ ವರ್ಷದ ಅಂತರರಾಷ್ಟ್ರೀಯ ಮೊದಲ ಬಹುಮಾನ ಬಂದದ್ದು ದೆಹಲಿಯ ಸಫ್ದರ್‌ಜಂಗ್ ಸಮಾಧಿಯ ಚಿತ್ರಕ್ಕೆ.

ಇದರ ಒಳಗಿನ ಕಟ್ಟೋಣವನ್ನು ನೋಡಬೇಕು. ಸ್ಪರ್ಧೆಗೆ ಮೊದಲು ಸ್ವಯಂಸೇವಕರು ಸ್ಮಾರಕಗಳ ಪಟ್ಟಿ ತಯಾರಿಸುತ್ತಾರೆ. ಕರ್ನಾಟಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳೇ ಐನೂರಕ್ಕೂ ಹೆಚ್ಚು. ಪಟ್ಟಿಯಲ್ಲಿ ಪ್ರತಿಯೊಂದಕ್ಕೂ ಒಂದು ಗುರುತಿನ ಸಂಖ್ಯೆ, ಊರು, ಜಿಲ್ಲೆ, ಪಕ್ಕದಲ್ಲಿ ಚಿತ್ರದ ಜಾಗ. ಹಂಪಿ, ಬಾದಾಮಿ, ಬೇಲೂರುಗಳಿಗೆ ಚಿತ್ರಗಳ ರಾಶಿಯೇ ಬರುತ್ತದೆ. ಹಳ್ಳಿಯ ಹೊಲದ ಬದುವಿನ ಶಾಸನ, ಊರ ಹೊರಗಿನ ಬಸದಿ, ಇವುಗಳ ಮುಂದೆ ಖಾಲಿ ಚೌಕ ಕಾಣುತ್ತದೆ. ಆ ಖಾಲಿ ಚೌಕವೇ ಆಹ್ವಾನ. ಯಾರಾದರೂ ತಮ್ಮ ಊರಿನ ಹೆಸರಿನ ಮುಂದೆ ಅದನ್ನು ಕಂಡರೆ ಸುಮ್ಮನೆ ಕೂರಲಾರರು.

ಇನ್ನೊಂದು ಜಾಣತನ ನಿಯಮದಲ್ಲಿದೆ. ಚಿತ್ರವನ್ನು ಸೆಪ್ಟೆಂಬರಿನಲ್ಲಿ ಸೇರಿಸಿದರೆ ಸಾಕು, ತೆಗೆದದ್ದು ಎಂದಾದರೂ ಆಗಬಹುದು. ಶಾಲೆಯ ಪ್ರವಾಸದಲ್ಲಿ, ಮದುವೆಗೆ ಹೋದಾಗ ತೆಗೆದು ಮರೆತಿದ್ದ ಚಿತ್ರಗಳು ಹೊರಗೆ ಬರುತ್ತವೆ. ಸ್ಪರ್ಧಿಗೆ ಹೊಸ ಖರ್ಚಿಲ್ಲ. ಪ್ರತಿ ದೇಶದ ತೀರ್ಪುಗಾರರು ಹತ್ತು ಚಿತ್ರಗಳವರೆಗೆ ಆರಿಸಿ ಅಂತರರಾಷ್ಟ್ರೀಯ ಸುತ್ತಿಗೆ ಕಳಿಸುತ್ತಾರೆ. ಬಹುಮಾನ ಬಾರದ ಸಾವಿರಾರು ಚಿತ್ರಗಳು ವ್ಯರ್ಥವಾಗುವುದಿಲ್ಲ. ಅವು ವಿಕಿಪೀಡಿಯದ ಲೇಖನಗಳಿಗೆ, ಪಠ್ಯಗಳಿಗೆ, ಪತ್ರಿಕೆಗಳಿಗೆ ಹೋಗುತ್ತವೆ. ಸೋತವನೂ ತನ್ನ ಚಿತ್ರ ಎಲ್ಲೋ ಬಳಕೆಯಾದುದನ್ನು ಕಾಣಬಹುದು.

ಇಷ್ಟಾದರೂ ಒಂದು ಕೊರತೆ ಉಳಿಯಿತು. ಈ ಸ್ಪರ್ಧೆಯಿಂದ ಮೊದಲ ಬಾರಿಗೆ ಖಾತೆ ತೆರೆದ ಹೆಚ್ಚಿನವರು ಅಕ್ಟೋಬರಿನಲ್ಲಿ ಕಾಣೆಯಾದರು. ಜಾತ್ರೆಗೆ ಬಂದವರೆಲ್ಲ ಊರಿನಲ್ಲಿ ಮನೆ ಮಾಡುವುದಿಲ್ಲ. ಆದರೆ ಜಾತ್ರೆ ಪ್ರತಿ ವರ್ಷ ಅದೇ ತಿಂಗಳು ಬರುವುದರಿಂದ ಮತ್ತೆ ಬರುವವರಿದ್ದಾರೆ, ನಾಲ್ಕಾರು ಜನ ತೇರು ಕಟ್ಟಲೂ ನಿಲ್ಲುತ್ತಾರೆ. ಸಂಘಟಕರಿಗೆ ಬೇಕಾದದ್ದು ಆ ನಾಲ್ಕಾರು ಜನ.

ಲ್ಯಾಪ್‌ಟಾಪ್ ಕೊಟ್ಟರೂ ನಿಲ್ಲದವರು

ಚಿತ್ರಕ್ಕಿಂತ ಲೇಖನ ಕಷ್ಟ. ಗೂಗಲ್ ಕಂಪನಿ 2009ರ ಕೊನೆಗೆ ಪೂರ್ವ ಆಫ್ರಿಕಾದಲ್ಲಿ ಸ್ವಾಹಿಲಿ ಭಾಷೆಯ ವಿಕಿಪೀಡಿಯಕ್ಕಾಗಿ ಲೇಖನ ಸ್ಪರ್ಧೆ ನಡೆಸಿತು. ಕೀನ್ಯಾ ಮತ್ತು ತಾಂಜಾನಿಯಾದ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್, ಮೊಬೈಲ್ ಮುಂತಾದ ಬಹುಮಾನಗಳು. ಕೆಲವೇ ತಿಂಗಳಲ್ಲಿ ನೂರಾರು ಲೇಖನ ಸೇರಿದವು. ಸ್ಪರ್ಧೆ ಮುಗಿದ ಮೇಲೆ ಬರೆಯುತ್ತ ಉಳಿದವರು ಬೆರಳೆಣಿಕೆಯಷ್ಟು. ಅವಸರದಲ್ಲಿ ಬರೆದದ್ದನ್ನು ಓರಣ ಮಾಡುವ ಕೆಲಸ ಅಲ್ಲಿ ಮೊದಲಿಂದ ಇದ್ದ ಕೆಲವೇ ಸಂಪಾದಕರ ತಲೆಗೆ ಬಿತ್ತು.

ಅದೇ ಕಾಲಕ್ಕೆ ನೆರೆಯ ತಮಿಳುನಾಡಿನಲ್ಲಿ ಬೇರೆ ರೀತಿ ನಡೆಯಿತು. 2010ರ ಜೂನಿನಲ್ಲಿ ಕೊಯಮತ್ತೂರಿನಲ್ಲಿ ವಿಶ್ವ ಶಾಸ್ತ್ರೀಯ ತಮಿಳು ಸಮ್ಮೇಳನ ನಡೆದಾಗ, ಸರ್ಕಾರ ಮತ್ತು ತಮಿಳು ವಿಕಿಪೀಡಿಯ ಬಳಗ ಸೇರಿ ಕಾಲೇಜು ವಿದ್ಯಾರ್ಥಿಗಳಿಗೆ ಲೇಖನ ಸ್ಪರ್ಧೆ ಇಟ್ಟವು. ಸಾವಿರಕ್ಕೂ ಹೆಚ್ಚು ಲೇಖನ ಬಂದವು. ಅಲ್ಲಿ ಮೊದಲಿಂದ ಗಟ್ಟಿಯಾದ ಬಳಗವೊಂದಿತ್ತು. ಅವರು ಕಾಲೇಜುಗಳಿಗೆ ಹೋಗಿ ಕಲಿಸಿದರು, ಬಂದ ಬರಹಗಳನ್ನು ತಿದ್ದಿದರು. ಆಮೇಲೆ ಚಿತ್ರಗಳಿಗೆ, ಧ್ವನಿಮುದ್ರಣಗಳಿಗೆ ಇನ್ನೊಂದು ಸ್ಪರ್ಧೆಯನ್ನು ತಾವೇ ನಡೆಸಿದರು. ಹೊರಗಿನ ಕಂಪನಿ ತನ್ನ ಯೋಜನೆ ಮುಗಿಸಿ ಎದ್ದು ಹೋಗುವುದಕ್ಕೂ, ಬಳಗವೇ ಮನೆಯ ಕೆಲಸವೆಂದು ನಡೆಸುವುದಕ್ಕೂ ಇರುವ ಅಂತರ ಇದು. ಸ್ವಾಹಿಲಿ ವಿದ್ಯಾರ್ಥಿಗಳಲ್ಲಿ ಕೊರತೆಯಿತ್ತೆಂದು ನಾನು ಒಪ್ಪಲಾರೆ. ಅವರ ಬರಹವನ್ನು ಓದಿ, ಹೆಸರು ಹಿಡಿದು ಮಾತನಾಡಿಸುವಷ್ಟು ಜನ ಅಲ್ಲಿ ಇರಲಿಲ್ಲ.

ಬಹುಮಾನದ ಜಾಗದಲ್ಲಿ ಪರೀಕ್ಷೆಯ ಅಂಕ ಇಟ್ಟರೂ ಇದೇ ತೊಂದರೆ. 2011ರಲ್ಲಿ ಪುಣೆಯ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಇಂಗ್ಲಿಷ್ ವಿಕಿಪೀಡಿಯಕ್ಕೆ ಬರೆಯುವ ಕಾರ್ಯಕ್ರಮವೊಂದನ್ನು ಶುರುಮಾಡಿದ್ದರು. ಬರೆದದ್ದಕ್ಕೆ ತರಗತಿಯಲ್ಲಿ ಅಂಕ. ಪುಸ್ತಕಗಳಿಂದ, ಜಾಲತಾಣಗಳಿಂದ ನಕಲು ಮಾಡಿದ ಪುಟಗಳು ಎಷ್ಟು ಬಂದವೆಂದರೆ, ಆ ವರ್ಷದ ನವೆಂಬರಿನಲ್ಲೇ ಕಾರ್ಯಕ್ರಮವನ್ನು ನಿಲ್ಲಿಸಬೇಕಾಯಿತು. ಅಳಿಸುವ, ಹುಡುಕುವ ಕೆಲಸ ಮಾತ್ರ ಬಹಳ ಕಾಲ ನಡೆಯಿತು.

ಪಂಜಾಬಿ, ತಮಿಳು ಮತ್ತು ಹುಲಿ

ಈ ಅನುಭವಗಳಿಂದ ಕಲಿತದ್ದು 2018ರ 'ಪ್ರಾಜೆಕ್ಟ್ ಟೈಗರ್'ನಲ್ಲಿ ಕಾಣುತ್ತದೆ. ಹುಲಿ ಸಂರಕ್ಷಣೆಯ ಯೋಜನೆಯ ಹೆಸರನ್ನೇ ಇಟ್ಟುಕೊಂಡ ಇದು ಭಾರತೀಯ ಭಾಷೆಗಳ ವಿಕಿಪೀಡಿಯಗಳಿಗಾಗಿ ಗೂಗಲ್ ಮತ್ತು ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ ಸೇರಿ ಮಾಡಿದ ಕೆಲಸ. ಇಲ್ಲಿ ನೆಲದ ಮೇಲೆ ಓಡಾಡಿದ್ದು ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಆ್ಯಂಡ್ ಸೊಸೈಟಿ ಎಂಬ ಸಂಸ್ಥೆ ಹಾಗೂ ಆಯಾ ಭಾಷೆಗಳ ಬಳಗಗಳು. ಲ್ಯಾಪ್‌ಟಾಪ್ ಇಲ್ಲೂ ಇತ್ತು. ಆದರೆ ಅದು ಗೆದ್ದವರಿಗೆ ಕೊಡುವ ಬಹುಮಾನವಾಗಿರಲಿಲ್ಲ. ಮೊದಲಿಂದಲೂ ಬರೆಯುತ್ತಿದ್ದು, ಸ್ವಂತ ಕಂಪ್ಯೂಟರ್ ಇಲ್ಲದ ಅಥವಾ ಇಂಟರ್‌ನೆಟ್ ಖರ್ಚು ಭರಿಸಲಾಗದ ಸಂಪಾದಕರಿಗೆ ಉಪಕರಣವಾಗಿ ಅದನ್ನು ಕೊಟ್ಟರು. ಇದೊಂದು ಸರಿಯಾದ ತೀರ್ಮಾನ.

ಆಮೇಲೆ ಮೂರು ತಿಂಗಳ ಲೇಖನ ಸ್ಪರ್ಧೆ, ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ. ಜನ ಗೂಗಲ್‌ನಲ್ಲಿ ಹುಡುಕಿಯೂ ತಮ್ಮ ಭಾಷೆಯಲ್ಲಿ ಸಿಗದ ವಿಷಯಗಳ ಪಟ್ಟಿಯನ್ನು ಸಂಘಟಕರು ಕೊಟ್ಟರು. ಬಳಗಗಳು ತಮ್ಮ ನಾಡಿನ ವಿಷಯಗಳನ್ನೂ ಸೇರಿಸಿದವು. ಒಂದು ಲೇಖನ ಕನಿಷ್ಠ 300 ಪದ, 9,000 ಬೈಟ್ ಇರಬೇಕು. ಈ ಬೈಟಿನ ಲೆಕ್ಕ ಸ್ವಲ್ಪ ವಿಚಿತ್ರವಾಗಿ ಕಂಡರೂ ಅದಕ್ಕೆ ಅರ್ಥವಿದೆ. ಯೂನಿಕೋಡ್ ಬರಹವನ್ನು ಕಂಪ್ಯೂಟರ್ ಶೇಖರಿಸಿಡುವ ಸಾಮಾನ್ಯ ವಿಧಾನದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ 'ಕ'ಕ್ಕೆ ಮೂರು, ಅದಕ್ಕೆ ಹಚ್ಚುವ ಗುಣಿತದ ಚಿಹ್ನೆಗೆ ಮತ್ತೆ ಮೂರು. ಇಂಗ್ಲಿಷಿನ ಅಳತೆಯನ್ನೇ ಇಲ್ಲಿಗೂ ಇಟ್ಟರೆ ನಾಲ್ಕು ಸಾಲು ಬರೆದವರೂ ಗೆದ್ದುಬಿಡುತ್ತಾರೆ.

ಎಲ್ಲಕ್ಕಿಂತ ಚೆನ್ನಾದ ಏರ್ಪಾಡು ಕೊನೆಯ ಬಹುಮಾನದ್ದು. ಹೆಚ್ಚು ಬರೆದ ವ್ಯಕ್ತಿಗಳಿಗೆ ಸಣ್ಣ ಬಹುಮಾನಗಳು, ಹೆಚ್ಚು ಬರೆದ ಭಾಷೆಯ ಬಳಗಕ್ಕೆ ಒಟ್ಟಾಗಿ ವಿಶೇಷ ತರಬೇತಿ. ಹೀಗಾಗಿ ಒಂದೇ ಬಳಗದೊಳಗೆ ಒಬ್ಬರ ಗೆಲುವು ಇನ್ನೊಬ್ಬರ ಸೋಲಾಗಲಿಲ್ಲ. ಪಂಜಾಬಿ ಮತ್ತು ತಮಿಳು ಬಳಗಗಳ ನಡುವೆ ಕೊನೆಯವರೆಗೂ ಪೈಪೋಟಿ ನಡೆಯಿತು. ಪಂಜಾಬಿ 1,300ಕ್ಕೂ ಹೆಚ್ಚು ಲೇಖನಗಳೊಂದಿಗೆ ಗೆದ್ದಿತು, ತಮಿಳು 1,200ಕ್ಕೂ ಹೆಚ್ಚು ಬರೆದು ಎರಡನೆಯದಾಯಿತು. ಎಲ್ಲ ಭಾಷೆಗಳದ್ದು ಸೇರಿ ನಾಲ್ಕು ಸಾವಿರಕ್ಕೂ ಹೆಚ್ಚು. ಅಂದರೆ ಅರ್ಧಕ್ಕಿಂತ ಹೆಚ್ಚು ಬಂದದ್ದು ಈ ಎರಡು ಭಾಷೆಗಳಿಂದಲೇ. 2019–20ರಲ್ಲಿ ಮತ್ತೊಮ್ಮೆ ನಡೆದಾಗ ತಮಿಳು ಮೊದಲಾಯಿತು, ಪಂಜಾಬಿ ಎರಡನೆಯದಾಯಿತು. ಸೋತವರು ಎರಡನೆಯ ಬಾರಿ ಇನ್ನೂ ಹೆಚ್ಚಿನ ಬಲದಿಂದ ಮರಳಿದರು ಎಂಬುದೇ ಸ್ಪರ್ಧೆ ಸರಿಯಾಗಿತ್ತು ಎಂಬುದಕ್ಕೆ ಸಾಕ್ಷಿ.

ಬಹುಮಾನ ಆಸೆಯನ್ನು ತಿಂದಾಗ

ಬಹುಮಾನ ದೊಡ್ಡದಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಯಾಕೆ ತಪ್ಪು? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ನಡೆಸಿ 1973ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. ಚಿತ್ರ ಬಿಡಿಸುವುದು ಇಷ್ಟವಿದ್ದ ಮಕ್ಕಳನ್ನೇ ಆರಿಸಿಕೊಂಡರು. ಕೆಲವರಿಗೆ, ಚಿತ್ರ ಬಿಡಿಸಿದರೆ ಕೆಂಪು ಪಟ್ಟಿಯ, ಚಿನ್ನದ ಮುದ್ರೆಯ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊನೆಗೆ ಕೊಟ್ಟರು. ಉಳಿದವರಿಗೆ ಏನೂ ಕೊಡಲಿಲ್ಲ. ಒಂದೆರಡು ವಾರ ಬಿಟ್ಟು ನೋಡಿದಾಗ, ಮೊದಲೇ ಆಸೆ ತೋರಿಸಿದ್ದ ಮಕ್ಕಳು ಬಣ್ಣದ ಪೆನ್ನು ಹಿಡಿದ ಸಮಯ ಉಳಿದವರದ್ದಕ್ಕಿಂತ ಸುಮಾರು ಅರ್ಧಕ್ಕೆ ಇಳಿದಿತ್ತು. ಆಟವಾಗಿದ್ದದ್ದು ಕೂಲಿಯಾಗಿತ್ತು. ಕೂಲಿ ನಿಂತ ಮೇಲೆ ಕೆಲಸವೂ ನಿಂತಿತು.

ಹಾಗೆಂದು ಯಾವ ಮನ್ನಣೆಯೂ ಬೇಡವೆಂದಲ್ಲ. ಮೈಕಲ್ ರೆಸ್ಟಿವೊ ಮತ್ತು ಆರ್ನೌಟ್ ವಾನ್ ಡಿ ರೈಟ್ ಎಂಬ ಸಂಶೋಧಕರು ಇಂಗ್ಲಿಷ್ ವಿಕಿಪೀಡಿಯದಲ್ಲಿ ಹೆಚ್ಚು ದುಡಿಯುವ ಸಂಪಾದಕರ ಪೈಕಿ ನೂರು ಜನರನ್ನು ಚೀಟಿ ಎತ್ತಿದಂತೆ ಆರಿಸಿ, ಅವರ ಪುಟದಲ್ಲಿ ನಕ್ಷತ್ರದ ಚಿತ್ರವಿರುವ ಮೆಚ್ಚುಗೆಯ ಗುರುತು ಹಾಕಿದರು. 2012ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮುಂದಿನ 90 ದಿನಗಳಲ್ಲಿ ಆ ನೂರು ಜನರ ಕೆಲಸ ಗುರುತು ಸಿಗದವರಿಗಿಂತ ಶೇ 60ರಷ್ಟು ಹೆಚ್ಚಾಗಿತ್ತು. ಯಾನಾ ಗಾಲಸ್ ಎಂಬ ಸಂಶೋಧಕಿ ಜರ್ಮನ್ ವಿಕಿಪೀಡಿಯದ ಹೊಸಬರ ಮೇಲೆ ಇಂಥದ್ದೇ ಪ್ರಯೋಗ ಮಾಡಿದರು. ಎಡೆಲ್‌ವೈಸ್ ಹೂವಿನ ಹೆಸರಿನ ಒಂದು ಗೌರವ, ಗೌರವ ಪಡೆದವರ ಪಟ್ಟಿಯಲ್ಲಿ ಹೆಸರು, ಇಷ್ಟೇ. ಒಂದು ಪೈಸೆಯೂ ಇಲ್ಲ. ಮರುತಿಂಗಳು ಬರೆಯುತ್ತ ಉಳಿದ ಹೊಸಬರ ಪ್ರಮಾಣ ಅದರಿಂದಾಗಿ ಶೇ 20ರಷ್ಟು ಏರಿತು, ಪರಿಣಾಮ ತಿಂಗಳುಗಟ್ಟಲೆ ಉಳಿಯಿತು.

ಈ ಎರಡೂ ಪ್ರಯೋಗಗಳಲ್ಲಿ ಮನ್ನಣೆ ಸಿಕ್ಕಿದ್ದು ಕೆಲಸ ಮಾಡಿದ ಮೇಲೆ, ಕೇಳದೆಯೇ. ಯಾರೋ ತನ್ನ ಕೆಲಸ ನೋಡಿದ್ದಾರೆ ಎಂಬುದಷ್ಟೇ ಅಲ್ಲಿ ಸಿಕ್ಕ ಸಂಪತ್ತು.

ವಿಕಿಪೀಡಿಯದ 'ಏಷ್ಯನ್ ತಿಂಗಳು' ಎಂಬ ಸ್ಪರ್ಧೆ 2015ರಿಂದ ನವೆಂಬರಿನಲ್ಲಿ ನಡೆದುಕೊಂಡು ಬಂದದ್ದು ಈ ತಿಳಿವಳಿಕೆಯ ಮೇಲೆ. ಏಷ್ಯಾದ ಬೇರೆ ದೇಶಗಳ ಬಗ್ಗೆ ತಮ್ಮ ಭಾಷೆಯಲ್ಲಿ ನಿಗದಿಯಾದಷ್ಟು ಲೇಖನ ಬರೆದವರಿಗೆಲ್ಲ ಬಹುಮಾನ. ಏನದು? ಇನ್ನೊಂದು ದೇಶದ ವಿಕಿಪೀಡಿಯ ಬಳಗ ಕಳಿಸುವ ಒಂದು ಅಂಚೆ ಕಾರ್ಡು. ಅದಕ್ಕಾಗಿ ನಕಲು ಮಾಡುವ ದುರಾಸೆ ಯಾರಿಗೂ ಹುಟ್ಟುವುದಿಲ್ಲ. ಬಲ್ಗೇರಿಯಾದ ಸಂಪಾದಕಿಯೊಬ್ಬರು 2015ರಲ್ಲಿ ಶುರುಮಾಡಿದ, ನೂರು ದಿನ ದಿನಕ್ಕೊಂದು ಲೇಖನ ಬರೆಯುವ ಸವಾಲಿನಲ್ಲಂತೂ ಅಂಚೆ ಕಾರ್ಡೂ ಇಲ್ಲ. ತೀರ್ಪುಗಾರರಿಲ್ಲ, ಎದುರಾಳಿಯಿಲ್ಲ. ಒಂದು ದಿನ ತಪ್ಪಿದರೆ ಮತ್ತೆ ಒಂದರಿಂದ ಎಣಿಕೆ. ಅದು ಭಾರತೀಯ ಭಾಷೆಗಳಿಗೂ ಹಬ್ಬಿ, ದಿನವೂ ಬರೆಯುವ ಅಭ್ಯಾಸವನ್ನು ಹಲವರಿಗೆ ಹಿಡಿಸಿತು.

ಕನ್ನಡದ ಅಂಗಳದಲ್ಲಿ

ಕನ್ನಡ ವಿಕಿಪೀಡಿಯ 2003ರಲ್ಲಿ ಹುಟ್ಟಿತು. ಈಗ ಅಲ್ಲಿರುವ ಲೇಖನಗಳು ಮೂವತ್ತು ಸಾವಿರ ದಾಟಿವೆ. ತಮಿಳಿನಲ್ಲಿ ಒಂದೂವರೆ ಲಕ್ಷ ದಾಟಿವೆ. ಕನ್ನಡದಲ್ಲಿ ದುಡಿಯುವವರ ಶ್ರದ್ಧೆ ಕಡಿಮೆಯಿಲ್ಲ. ಮಂಗಳೂರಿನ ಕಾಲೇಜುಗಳಲ್ಲಿ, ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಿಗೆ ಕಲಿಸಿದವರಿದ್ದಾರೆ. ಕರಾವಳಿಯ ಬಳಗ ಪಟ್ಟುಬಿಡದೆ ದುಡಿದದ್ದರಿಂದಲೇ ತುಳು ವಿಕಿಪೀಡಿಯ 2016ರಲ್ಲಿ ಹೊರಬಂತು. ಕಡಿಮೆಯಿರುವುದು ತಿದ್ದುವವರ ಸಂಖ್ಯೆ.

ಇಲ್ಲಿ ಸ್ಪರ್ಧೆ ನಡೆಸುವವರು ಬಹುಮಾನದ ಮೊತ್ತಕ್ಕೆ ಮೊದಲು ಯೋಚಿಸಬೇಕಾದದ್ದು ಬೇರೆ. ಹೊಸಬರು ಎಡವುವುದು ಟೈಪಿಂಗ್‌ನಲ್ಲಿ. ಮನೆಯಲ್ಲಿ ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಲೇಖನ ಸಿದ್ಧವಿಟ್ಟುಕೊಂಡ ನಿವೃತ್ತ ಮೇಷ್ಟ್ರು ಅದನ್ನು ಯೂನಿಕೋಡಿಗೆ ಬದಲಿಸುವುದು ಗೊತ್ತಾಗದೆ ಹಿಂದೆ ಸರಿಯುತ್ತಾರೆ. ಅವರಿಗೆ ಹತ್ತು ನಿಮಿಷ ಫೋನಿನಲ್ಲಿ ಹೇಳಿಕೊಡುವವರು ಬೇಕು. ಇನ್ನು ಮೊದಲ ಲೇಖನ ಹಾಕಿದ ಹುಡುಗಿಗೆ ಎರಡು ದಿನದಲ್ಲಿ ಉತ್ತರ ಬರಬೇಕು: ಈ ವಾಕ್ಯಕ್ಕೆ ಆಧಾರ ಕೊಡಿ, ಈ ಭಾಗ ಚೆನ್ನಾಗಿದೆ, ಇದರ ಮುಂದುವರಿಕೆಯಾಗಿ ನಿಮ್ಮ ತಾಲ್ಲೂಕಿನ ಕೆರೆಗಳ ಬಗ್ಗೆ ಬರೆಯುತ್ತೀರಾ ಎಂದು. ಉತ್ತರವಿಲ್ಲದೆ ಲೇಖನ ಅಳಿಸಿಹೋದರೆ ಅವಳು ಮತ್ತೆ ಬರುವುದಿಲ್ಲ, ಹೋಗಿ ಗೆಳತಿಯರಿಗೂ ಬೇಡವೆನ್ನುತ್ತಾಳೆ.

ಆದ್ದರಿಂದ ನೂರು ಜನರ ಸ್ಪರ್ಧೆಗೆ ಹಣವಿದ್ದರೂ ಓದಿ ತಿದ್ದಲು ಐದೇ ಜನರಿದ್ದರೆ, ಆ ಐವರು ಕೈಹಿಡಿದು ನಡೆಸಬಹುದಾದಷ್ಟು ಜನರಿಗೆ ಮಾತ್ರ ಸ್ಪರ್ಧೆ ಇಡುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ವರದಿಯಲ್ಲಿ ಸಂಖ್ಯೆ ಚಿಕ್ಕದಾಗಿ ಕಾಣುತ್ತದೆ, ಕಾಣಲಿ. ಸ್ಪರ್ಧೆ ಮುಗಿದ ಮರುದಿನದ ಕೆಲಸ ಯಾವುದೆಂಬುದು ಪ್ರಕಟಣೆಯ ದಿನವೇ ಗೊತ್ತಿರಬೇಕು. ಗೆದ್ದವರಿಗೆ ಮುಂದಿನ ಬಾರಿ ತೀರ್ಪುಗಾರರ ಸಾಲಿನಲ್ಲಿ ಜಾಗ ಕೊಡಬೇಕು. ಪ್ರಾಯೋಜಕರು ಕೊಡುವ ಹಣದಲ್ಲಿ ಮೊದಲ ಬಹುಮಾನವನ್ನು ಅರ್ಧಕ್ಕೆ ಇಳಿಸಿ, ಉಳಿದ ಅರ್ಧವನ್ನು ಜಿಲ್ಲಾ ಕೇಂದ್ರದ ಗ್ರಂಥಾಲಯದಲ್ಲಿ ತಿಂಗಳಿಗೊಂದು ಭಾನುವಾರ ಕೂತು ಬರೆಯುವ ಸಭೆಗೆ ಇಡಬಹುದು. ಕಾಫಿ, ತಿಂಡಿ, ಬಸ್ಸಿನ ಖರ್ಚು, ಇಂಟರ್‌ನೆಟ್ ಇವಕ್ಕೆ ಅದು ಒಂದು ವರ್ಷ ಸಾಕಾಗುತ್ತದೆ.